ಆ ದಿನದ ಕೂಲಿ ಯಾರು ಕೊಟ್ಟರು?

ಸಿನಿಮಾ ಶುರುವಾಗೋದೇ ಹಲ್ಲು ಮುರಿಯೋದರಿಂದ. ಕೆಸರಾದ ಮೈದಾನ, ತಲೆಗೆ ತಲೆ ಕೊಟ್ಟು ನೂಕಾಡುತ್ತಿರುವ ಆಟಗಾರರ ಗುಂಪು, ಆ ಗುಂಪಿನೊಳಗೆ ಯಾರಿಗೂ ಕಾಣದ ಹಾಗೆ ಒಂದು ಗುದ್ದು. ಫ್ರಾಂಕ್ ಮೇಚಿನ್ ಅನ್ನೋ ಗಣಿ ಕಾರ್ಮಿಕನ ಮುಂದಿನ ಹಲ್ಲು ಹೋಗುತ್ತವೆ. ಡೆಂಟಿಸ್ಟ್ ಕುರ್ಚಿಯಲ್ಲಿ ಕೂರಿಸಿ ಮತ್ತು ಬರೋ ಗ್ಯಾಸ್ ಕೊಡುತ್ತಾರೆ. ಆ ಮಂಪರಿನಲ್ಲಿ ಅವನ ಹಿಂದಿನ ಕತೆ ತುಂಡುತುಂಡಾಗಿ ಬಿಚ್ಚಿಕೊಳ್ಳುತ್ತೆ. 1963ರಲ್ಲಿ ಬಂದ ‘ದಿಸ್ ಸ್ಪೋರ್ಟಿಂಗ್ ಲೈಫ್’ ಅನ್ನೋ ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ಇದು.

ಇದನ್ನ ನಾನು ಎರಡು ಸಲ ನೋಡಿದೀನಿ. ಮೊದಲನೇ ಸಲ ಬರೀ ಕುತೂಹಲಕ್ಕೆ. ಇದರ ನಿರ್ದೇಶಕ ಲಿಂಡ್ಸೆ ಆಂಡರ್ಸನ್ ಹುಟ್ಟಿದ್ದು 1923ರಲ್ಲಿ, ನಮ್ಮ ಬೆಂಗಳೂರಲ್ಲಿ. ಅವನಪ್ಪ ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿ. ಬೆಂಗಳೂರಲ್ಲಿ ಹುಟ್ಟಿದೋನು ಅಂದ ತಕ್ಷಣ ನಮಗೆ ಅದೇನೋ ಒಂದು ಸಲುಗೆ ಬಂದುಬಿಡುತ್ತಲ್ಲ, ಅದಕ್ಕೇ ನೋಡಿದ್ದು. ಎರಡನೇ ಸಲ ನೋಡಿದ್ದು ಪ್ರಾಜೆಕ್ಟ್ ಮೇಲೆ ಲೀಡ್ಸ್‌ಗೆ ಆನ್‌ಸೈಟ್ ಹೋಗಿದ್ದಾಗ. ಕ್ಲೈಂಟ್ ಕಡೆಯ ಟೀಮಲ್ಲಿ ಒಬ್ಬ ಟೆಸ್ಟರ್ ಇದ್ದ. ಲೀಡ್ಸ್‌ನಿಂದ ರೈಲಲ್ಲಿ ಸ್ವಲ್ಪ ಹೊತ್ತು ಹೋದ್ರೆ ಸಿಗೋ ವೇಕ್‌ಫೀಲ್ಡ್ ಅನ್ನೋ ಊರಿನವನು. ಸಿನಿಮಾದ ಮೈದಾನದ ದೃಶ್ಯಗಳನ್ನ ತೆಗೆದದ್ದು ಆ ಊರಿನ ಬೆಲ್ ವ್ಯೂ ಮೈದಾನದಲ್ಲೇ. ಊಟದ ಹೊತ್ತಲ್ಲಿ ಮಾತಿಗೆ ಮಾತು ಬಂದು, ಈ ಸಿನಿಮಾ ನೋಡಿದೀನಿ ಅಂದೆ. ಭಾರತದಿಂದ ಬಂದೋನು ಅದನ್ನ ನೋಡಿದಾನೆ ಅಂತ ಅವನಿಗೆ ಖುಷಿಯೋ ಖುಷಿ. ಆಮೇಲೆ ಒಂದು ಮಾತು ಸೇರಿಸಿದ: “ಒಳ್ಳೇ ಸಿನಿಮಾ. ಆದ್ರೆ ಅದರಲ್ಲಿ ಒಂದು ಇಲ್ಲ. ಏನಿಲ್ಲ ಅಂತ ತಿಳ್ಕೋಬೇಕಂದ್ರೆ ಭಾನುವಾರ ನಮ್ಮ ಮನೆಗೆ ಬಾ.”

ಭಾನುವಾರಕ್ಕೆ ಮುಂಚೆ ಈ ಆಟದ ಬಗ್ಗೆ ಸ್ವಲ್ಪ ಹೇಳಿಬಿಡ್ತೀನಿ.

ರಗ್ಬಿ ಅಂದ್ರೆ ಒಂದೇ ಆಟ ಅಂದ್ಕೊಂಡಿದ್ದೆ. ಅಲ್ಲ. ಯೂನಿಯನ್ ಅಂತ ಒಂದಿದೆ, ಹದಿನೈದು ಜನ ಆಡೋದು. ಲೀಗ್ ಅಂತ ಇನ್ನೊಂದಿದೆ, ಹದಿಮೂರು ಜನರದ್ದು. ಈ ಎರಡನ್ನ ಅವರು ಎರಡು ‘ಕೋಡ್’ ಅಂತಲೇ ಕರೀತಾರೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ 1895ರಲ್ಲಿ ಫೋರ್ಕ್ ಆಯ್ತು, ಮತ್ತೆ ಮರ್ಜ್ ಆಗಲೇ ಇಲ್ಲ. ಫೋರ್ಕ್ ಆಗಿದ್ದು ಆಟದ ನಿಯಮಕ್ಕಾಗಿ ಅಲ್ಲ, ಕೂಲಿಗಾಗಿ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆ ಆಡ್ತಿದ್ದವರಲ್ಲಿ ಬಹಳ ಜನ ಗಣಿ, ಗಿರಣಿ ಕೆಲಸಗಾರರು. ಶನಿವಾರವೂ ಕೆಲಸ ಇರೋದು. ಆಟಕ್ಕೆ ಹೋದ್ರೆ ಆವತ್ತಿನ ಕೂಲಿ ತಪ್ಪೋದು. ಹಾಗೆ ತಪ್ಪಿದ ಕೂಲಿಯನ್ನ ಕ್ಲಬ್ಬುಗಳು ತುಂಬಿಕೊಡಲಿ, ಅಷ್ಟಕ್ಕಾದ್ರೂ ಒಪ್ಪಿಗೆ ಕೊಡಿ ಅಂತ ಉತ್ತರದ ಕ್ಲಬ್ಬುಗಳು 1893ರಲ್ಲಿ ಕೇಳಿದವು. ರಗ್ಬಿ ನಡೆಸುತ್ತಿದ್ದ ದೊಡ್ಡ ಮನುಷ್ಯರು ಆಗಲ್ಲ ಅಂದ್ರು. ಆಟವನ್ನ ಪ್ರೀತಿಗಾಗಿ ಆಡಬೇಕು, ದುಡ್ಡಿಗಾಗಿ ಅಲ್ಲ ಅನ್ನೋದು ಅವರ ವಾದ. ಶನಿವಾರದ ಕೂಲಿ ತಪ್ಪಿದ್ರೆ ಒಲೆ ಹೊತ್ತಿಸೋದು ಹೇಗೆ ಅನ್ನೋ ಚಿಂತೆ ಇಲ್ಲದವರ ವಾದ ಅದು. ಕೊನೆಗೆ 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಉತ್ತರದವರು ಬೇರೆಯಾದರು. ತಪ್ಪಿದ ಕೂಲಿಗೆ ದಿನಕ್ಕೆ ಆರು ಶಿಲಿಂಗ್ ಅಂತ ಗೊತ್ತುಮಾಡಿಕೊಂಡರು. ಅಲ್ಲಿಂದ ಮುಂದೆ ಲೀಗ್ ಆಡಿದೋನನ್ನ ಯೂನಿಯನ್ನಿನವರು ಹತ್ತಿರ ಸೇರಿಸ್ತಿರಲಿಲ್ಲ. ಯೂನಿಯನ್ ತಾನೇ ಆಟಗಾರರಿಗೆ ಸಂಬಳ ಕೊಡೋಕೆ ಒಪ್ಪಿದ್ದು 1995ರಲ್ಲಿ. ಪೂರ್ತಿ ನೂರು ವರ್ಷ ಬೇಕಾಯ್ತು.

ಈ ಹಿನ್ನೆಲೆ ಗೊತ್ತಾದ ಮೇಲೆ ಸಿನಿಮಾ ಬೇರೆಯೇ ಆಗಿ ಕಾಣುತ್ತೆ. ಆಂಡರ್ಸನ್ ಓದಿದ್ದು ಚೆಲ್ಟನಮ್ ಕಾಲೇಜ್ ಅನ್ನೋ ಸಿರಿವಂತರ ಶಾಲೆಯಲ್ಲಿ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ. ಅಂದ್ರೆ ಯೂನಿಯನ್ ಕಡೆಯ ಲೋಕ. ಕಾದಂಬರಿ ಬರೆದು, ಚಿತ್ರಕತೆಯನ್ನೂ ಬರೆದ ಡೇವಿಡ್ ಸ್ಟೋರಿ ವೇಕ್‌ಫೀಲ್ಡ್‌ನ ಗಣಿ ಕಾರ್ಮಿಕನ ಮಗ. ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಚಿತ್ರಕಲೆ ಕಲೀತಾ, ವಾರದ ಕೊನೆಗೆ ರೈಲು ಹತ್ತಿ ಬಂದು ಲೀಡ್ಸ್ ತಂಡದ ಎರಡನೇ ಸಾಲಿನಲ್ಲಿ ಲೀಗ್ ಆಡ್ತಿದ್ದೋನು. ಲಂಡನ್ನಿನಲ್ಲಿ ರಗ್ಬಿಯವನು, ಲೀಡ್ಸ್‌ನಲ್ಲಿ ಬಣ್ಣ ಬಳಿಯೋನು. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಸೋಮವಾರ ಬೆಳಿಗ್ಗೆ ವಾಪಸ್ ಬರೋ ನಮ್ಮಂಥವರಿಗೆ ಈ ಸ್ಥಿತಿ ವಿವರಿಸಬೇಕಾಗಿಲ್ಲ.

ಇವರಿಬ್ಬರು ಸೇರಿ ಮಾಡಿದ ಸಿನಿಮಾ ಒಂದು ವಿಷಯದಲ್ಲಿ ಎಲ್ಲೂ ಸುಳ್ಳು ಹೇಳಲ್ಲ. ಅದು ದುಡ್ಡು. ಮೇಚಿನ್ ಕ್ಲಬ್ ಸೇರುವಾಗ ಸಾವಿರ ಪೌಂಡ್ ಕೇಳ್ತಾನೆ. ಕೊಡೋರು ಯಾರು? ಊರಿನ ಕಾರ್ಖಾನೆಯ ಮಾಲೀಕ ವೀವರ್ ಮತ್ತು ಅವನಂಥವರು. ಗಣಿಯಲ್ಲಿ ಮೈ ಮುರಿಯೋನು ಇಲ್ಲಿಯೂ ಅದೇ ಮೈ ಮಾರ್ತಾನೆ, ಬೆಲೆ ಸ್ವಲ್ಪ ಜಾಸ್ತಿ ಅಷ್ಟೆ. ಮೈದಾನದಲ್ಲಿ ಜನ ಕೂಗ್ತಾರೆ, ಪಾರ್ಟಿಯಲ್ಲಿ ಮಾಲೀಕರು ಬೆನ್ನು ತಟ್ತಾರೆ. ಆದ್ರೆ ಒಳ್ಳೇ ಎತ್ತು ಕೊಂಡ ಗೌಡ ಅದರ ಬೆನ್ನು ತಟ್ಟೋದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಕಾಣಲ್ಲ. ರಿಚರ್ಡ್ ಹ್ಯಾರಿಸ್ ಮೇಚಿನ್ ಪಾತ್ರವನ್ನ ಎಷ್ಟು ದೇಹದಿಂದಲೇ ಮಾಡಿದಾನೆ ಅಂದ್ರೆ, ಅವನು ಕೋಣೆಗೆ ಬಂದ್ರೆ ಕೋಣೆ ಚಿಕ್ಕದಾಗುತ್ತೆ. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಸುಮ್ಮನೆ ಬಂದಿದ್ದಲ್ಲ.

ಹಾಗಾದ್ರೆ ನನ್ನ ಟೆಸ್ಟರ್ ಗೆಳೆಯ ಹೇಳಿದ ‘ಇಲ್ಲದ್ದು’ ಏನು? ಟೆಸ್ಟರ್ ಅಲ್ವಾ, ತಪ್ಪು ಹುಡುಕೋದೇ ಅವನ ಕೆಲಸ ಅಂತ ನಕ್ಕಿದ್ದೆ.

ಭಾನುವಾರ ಹೋದೆ. ಹೋದ ಮೇಲೆ ಗೊತ್ತಾಯ್ತು, ಆ ಮನೆಯಲ್ಲಿ ಲೀಗ್ ಅನ್ನೋದು ಆಟ ಅಲ್ಲ, ಒಂದು ಥರ ಮನೆದೇವರು. ಅವನ ತಾತ ಗಣಿಯಲ್ಲಿದ್ದವರು, ಹಳ್ಳಿ ತಂಡಕ್ಕೆ ಆಡಿದವರು. ಅಪ್ಪ ಅದೇ ಗಣಿಯಲ್ಲಿ ಎಲೆಕ್ಟ್ರಿಷಿಯನ್, ಗಣಿ ಮುಚ್ಚೋವರೆಗೂ. ಮೂವತ್ತು ವರ್ಷ ಹುಡುಗರ ತಂಡಕ್ಕೆ ಕೋಚ್. ಅಮ್ಮ ಕ್ಲಬ್ಬಿನ ಕ್ಯಾಂಟೀನ್ ನೋಡಿಕೊಂಡವರು, ಇಡೀ ತಂಡದ ಕೆಸರು ಜೆರ್ಸಿ ಒಗೆದವರು. ಇವನು ಇಪ್ಪತ್ತೆರಡಕ್ಕೆ ಭುಜ ಮುರಿದುಕೊಂಡು ಆಟ ಬಿಟ್ಟ, ಈಗ ಮಕ್ಕಳ ಪಂದ್ಯಕ್ಕೆ ರೆಫರಿ. ಇವನ ಹನ್ನೊಂದು ವರ್ಷದ ಮಗಳು ಆವತ್ತು ಬೆಳಿಗ್ಗೆ ಆಡಿ ಬಂದು, ಮೊಣಕಾಲಿನ ಗಾಯ ತೋರಿಸಿ ನನ್ನನ್ನ ಹೆದರಿಸೋಕೆ ನೋಡಿದಳು. ನಾಲ್ಕು ತಲೆಮಾರು. ಯಾರೂ ಹೆಸರು ಮಾಡಿದವರಲ್ಲ. ಗೋಡೆ ಮೇಲೆ ಫೋಟೊಗಳು, ಎಲ್ಲರ ಮೂಗೂ ಸ್ವಲ್ಪ ಸ್ವಲ್ಪ ಸೊಟ್ಟ.

“ನೋಡಿದ್ಯಾ? ಮೇಚಿನ್‌ಗೆ ಇವರು ಯಾರೂ ಇಲ್ಲ” ಅಂದ ಗೆಳೆಯ.

ಹೌದಲ್ವಾ ಅನ್ನಿಸ್ತು. ಸಿನಿಮಾದಲ್ಲಿ ಮೇಚಿನ್‌ಗೆ ಅಪ್ಪ ಇಲ್ಲ, ಅಮ್ಮ ಇಲ್ಲ, ಅಣ್ಣ-ತಮ್ಮ ಇಲ್ಲ. ಶ್ರೀಮತಿ ಹ್ಯಾಮಂಡ್ ಅನ್ನೋ ವಿಧವೆಯ ಮನೆಯಲ್ಲಿ ಬಾಡಿಗೆಗೆ ಇದಾನೆ. ಅವನನ್ನ ಕ್ಲಬ್ಬಿಗೆ ಸೇರಿಸೋಕೆ ಓಡಾಡೋ ಜಾನ್ಸನ್ ಅನ್ನೋ ಮುದುಕನಿಗೆ ಅಡ್ಡಹೆಸರೇ ‘ಡ್ಯಾಡ್’. ಅಪ್ಪ ಇಲ್ಲದ ಹುಡುಗನ ಹಿಂದೆ ಸುತ್ತೋನಿಗೆ ಅಪ್ಪ ಅಂತ ಹೆಸರು, ಕೆಲಸ ಆದ ಮೇಲೆ ಹುಡುಗ ಅವನನ್ನ ಕೈಬಿಡ್ತಾನೆ. ಒಂಟಿ ಗಂಡಸಿನ ದುರಂತಕ್ಕೆ ಇದು ಅನುಕೂಲ. ಆದ್ರೆ ಈ ಆಟ ಬದುಕಿದ್ದು ಒಂಟಿ ಗಂಡಸರಿಂದಲ್ಲ.

ಇದಕ್ಕೆ ಸಾಕ್ಷಿ ಆ ಊರಿನ ಪಕ್ಕದಲ್ಲೇ ಇತ್ತು. ವೇಕ್‌ಫೀಲ್ಡ್‌ನಿಂದ ಕೆಲವೇ ಮೈಲಿ ದೂರದಲ್ಲಿ ಶಾರ್ಲ್‌ಸ್ಟನ್ ಅಂತ ಗಣಿ ಹಳ್ಳಿ. ಅಲ್ಲಿನ ಫಾಕ್ಸ್ ಮನೆತನದ ಅಪ್ಪ ಟಾಮಿ, ಫೆದರ್‌ಸ್ಟೋನ್ ರೋವರ್ಸ್ ತಂಡಕ್ಕೆ ಆಡಿದವರು. ಮೂರು ಗಂಡುಮಕ್ಕಳು: ಪೀಟರ್, ಡಾನ್, ನೀಲ್. ಮೂವರೂ ವೃತ್ತಿಪರ ಲೀಗ್ ಆಡಿದರು. ಪೀಟರ್ ಆಮೇಲೆ ಕೋಚ್ ಆಗಿ 1973ರಲ್ಲಿ ಅಪ್ಪ ಆಡಿದ್ದ ಅದೇ ಫೆದರ್‌ಸ್ಟೋನ್‌ಗೆ ಚಾಲೆಂಜ್ ಕಪ್ ಗೆಲ್ಲಿಸಿಕೊಟ್ಟರು, ಗ್ರೇಟ್ ಬ್ರಿಟನ್ ತಂಡಕ್ಕೂ ಕೋಚ್ ಆದರು. ನೀಲ್ 1956ರಲ್ಲಿ ವೇಕ್‌ಫೀಲ್ಡ್ ಟ್ರಿನಿಟಿ ತಂಡ ಸೇರಿ, ಆಡಿ ಮುಗಿಸೋ ಹೊತ್ತಿಗೆ ಗಳಿಸಿದ ಅಂಕ 6,220. ಲೀಗ್ ಇತಿಹಾಸದಲ್ಲೇ ಅಷ್ಟು ಅಂಕ ಗಳಿಸಿದವರು ಇನ್ನೊಬ್ಬರಿಲ್ಲ. ಟ್ರಿನಿಟಿ 1960, 1962, 1963ರಲ್ಲಿ ಕಪ್ ಗೆದ್ದಿತು. ಅಂದ್ರೆ ಆಂಡರ್ಸನ್ ಅದೇ ಮೈದಾನದಲ್ಲಿ ತನ್ನ ಒಂಟಿ ಮೇಚಿನ್‌ನ ಕತೆ ತೆಗೀತಿದ್ದಾಗ, ನಿಜವಾದ ತಂಡದ ದೊಡ್ಡ ಹೀರೋ ಒಂದು ತುಂಬಿದ ಮನೆಯಿಂದ ಬಂದೋನು.

ಇನ್ನು ಡಾನ್. 1968ರ ಮೇ 11, ವೆಂಬ್ಲಿ ಮೈದಾನ, ಚಾಲೆಂಜ್ ಕಪ್ ಫೈನಲ್, ಟ್ರಿನಿಟಿಗೂ ಲೀಡ್ಸ್‌ಗೂ. ಧೋ ಅಂತ ಮಳೆ ಸುರಿದು ಮೈದಾನ ಕೆರೆಯಾಗಿತ್ತು. ಆ ಪಂದ್ಯಕ್ಕೆ ಇವತ್ತಿಗೂ ನೀರಾಟದ ಫೈನಲ್ ಅಂತಲೇ ಹೆಸರು. ಕೊನೇ ನಿಮಿಷದಲ್ಲಿ ಟ್ರಿನಿಟಿ ಟ್ರೈ ಗಳಿಸಿತು, ಸ್ಕೋರ್ 11-10. ಲೀಡ್ಸ್ ಒಂದೇ ಅಂಕ ಮುಂದೆ. ಕಂಬಗಳ ನಡುವೆ ಚೆಂಡು ಒದ್ದರೆ ಎರಡು ಅಂಕ, ಕಪ್ ಟ್ರಿನಿಟಿಗೆ. ಒದೆಯಬೇಕಾದ ಜಾಗ ಕಂಬಗಳ ನೇರ ಎದುರಿಗೇ, ಮಕ್ಕಳೂ ಒದೆಯಬಹುದಾದಷ್ಟು ಸುಲಭ. ಆ ಕೆಲಸ ಮಾಮೂಲಿಯಾಗಿ ತಮ್ಮ ನೀಲ್‌ನದ್ದು. ನೀಲ್‌ಗೆ ಗಾಯವಾಗಿ ಆವತ್ತು ಆಡ್ತಿರಲಿಲ್ಲ. ಅಣ್ಣ ಡಾನ್ ಒದ್ದ. ಚೆಂಡು ಕಂಬದಾಚೆ ಹೋಯ್ತು. ಡಾನ್ ನೀರಿನಲ್ಲಿ ಕುಸಿದು ಕೂತ. ಪಂದ್ಯದ ಅತ್ಯುತ್ತಮ ಆಟಗಾರ ಅಂತ ಪತ್ರಕರ್ತರು ಅಷ್ಟು ಹೊತ್ತಿಗಾಗಲೇ ಅವನನ್ನೇ ಆರಿಸಿ ಆಗಿತ್ತು. ಆ ಪ್ರಶಸ್ತಿ ಈಗ ಯಾರಿಗೂ ನೆನಪಿಲ್ಲ. ಆ ಒಂದು ಒದೆತವನ್ನ ಮಾತ್ರ ಟೀವಿಯವರು ವರ್ಷಗಟ್ಟಲೆ ತೋರಿಸಿದರು.

ನನ್ನ ಗೆಳೆಯನ ತಾತ ಆವತ್ತು ವೆಂಬ್ಲಿಯಲ್ಲಿದ್ದರಂತೆ. ಆ ತುಣುಕು ಟೀವಿಯಲ್ಲಿ ಬಂದಾಗ ಆ ಮನೆಯಲ್ಲಿ ಯಾರೂ ನಗಬಾರದು ಅನ್ನೋದು ಅವರು ಮಾಡಿಟ್ಟ ಕಟ್ಟಳೆ. ಅವರು ಹೋಗಿ ಎಷ್ಟೋ ವರ್ಷವಾದರೂ ಕಟ್ಟಳೆ ಹಾಗೇ ಇದೆ. ಆ ಮಗುವೂ ನಗಲ್ಲ.

ತಮ್ಮ ಮಾಡಬೇಕಾದ ಕೆಲಸ ಅಣ್ಣನ ಕಾಲಿಗೆ ಬಂದು, ಇಡೀ ಊರು ಅದನ್ನ ತನ್ನ ಮನೆ ನೋವು ಅಂತ ಬಚ್ಚಿಟ್ಟುಕೊಂಡಿದ್ದು! ಇಂಥದ್ದೊಂದು ಮೇಚಿನ್‌ನ ಕತೆಯಲ್ಲಿ ನಡೆಯೋಕೆ ಜಾಗವೇ ಇಲ್ಲ. ಗೆಳೆಯ ಹೇಳಿದ್ದು ಸರಿ, ಸಿನಿಮಾದ ದೊಡ್ಡ ಕೊರತೆ ಇದು ಅಂತ ತೀರ್ಮಾನ ಮಾಡಿಬಿಟ್ಟೆ. ಈ ಲೇಖನ ಅಲ್ಲಿಗೇ ಮುಗಿಯಬೇಕಿತ್ತು.

ಮುಗಿಯದ ಹಾಗೆ ಮಾಡಿದ್ದು ಗೆಳೆಯನ ಅಮ್ಮ. ಟೀ ಕುಡೀತಾ ಅವನು ಮನೆತನದ ಕತೆಯನ್ನ ಮತ್ತೊಂದು ಸಲ ಉತ್ಸಾಹದಿಂದ ಹೇಳ್ತಿದ್ದ. ನಮ್ಮ ರಕ್ತದಲ್ಲೇ ಇದೆ ಇದು ಅಂದ. ಆ ಅಮ್ಮ ಬಟ್ಟಲು ಎತ್ತಿಡ್ತಾ ಇದ್ದವರು ತಿರುಗಿ, ಜಗಳದ ದನಿಯಲ್ಲೇನಲ್ಲ, ಮಾಮೂಲಾಗಿ ಕೇಳಿದರು: “ರಕ್ತದಲ್ಲಿ ಇತ್ತು ಸರಿ. ನಿಮ್ಮಜ್ಜಿ ಬೆಳಗಿನ ಜಾವ ಎದ್ದು ಶಾಲೆ ಕಸ ಗುಡಿಸೋ ಕೆಲಸಕ್ಕೆ ಹೋಗ್ತಿದ್ದದ್ದು ಯಾಕೆ ಅಂದ್ಕೊಂಡಿದೀಯ? ತಾತ ಆಟಕ್ಕೆ ಹೋದ ಶನಿವಾರದ ಪಾಳಿ ದುಡ್ಡು ಮನೆಗೆ ಬರ್ತಿತ್ತಾ?”

ಗೆಳೆಯ ಸುಮ್ಮನಾದ. ಈ ವಿಷಯ ಅವನಿಗೆ ಹೊಸದು ಅಂತ ಮುಖ ನೋಡಿದರೇ ಗೊತ್ತಾಗ್ತಿತ್ತು. ನಾಲ್ಕು ತಲೆಮಾರಿನ ಕತೆಯಲ್ಲಿ ಅಜ್ಜಿ ಅಲ್ಲಿವರೆಗೆ ಬಂದೇ ಇರಲಿಲ್ಲ.

ವಾಪಸ್ ಬರೋ ರೈಲಲ್ಲಿ ಇದೇ ಯೋಚನೆ. ಆಟವನ್ನ ಎರಡು ಭಾಗ ಮಾಡಿದ ಪ್ರಶ್ನೆ, ಆ ದಿನದ ಕೂಲಿ ಯಾರು ಕೊಡಬೇಕು ಅನ್ನೋದು. 1895ರಲ್ಲಿ ಕ್ಲಬ್ ಕೊಡಲಿ ಅಂದರು, ದೊಡ್ಡ ತಂಡಗಳ ಆಟಗಾರರಿಗೆ ಅದು ಸಿಕ್ಕಿತು ಕೂಡ. ಆದ್ರೆ ಆ ದೊಡ್ಡ ತಂಡಗಳಿಗೆ ಹುಡುಗರನ್ನ ಬೆಳೆಸಿ ಕೊಟ್ಟ ಹಳ್ಳಿ ತಂಡಗಳಲ್ಲಿ? ಅಲ್ಲಿ ಆ ಆರು ಶಿಲಿಂಗ್ ಕೊಟ್ಟಿದ್ದು ಗೆಳೆಯನ ಅಜ್ಜಿಯಂಥವರು. ಕ್ರೀಡಾ ಪತ್ರಿಕೆಗಳಲ್ಲಿ ಬರೋ ಮನೆತನದ ಲೇಖನಗಳನ್ನ ನೋಡಿ. ಅಪ್ಪ ಆಡಿದ, ಮಗ ಆಡಿದ, ಮೊಮ್ಮಗ ಆಡ್ತಿದಾನೆ, ರಕ್ತದಲ್ಲೇ ಬಂದಿದೆ. ಲೀಗ್ ಅಂತಲ್ಲ, ಕ್ರಿಕೆಟ್ಟಿಗೂ ಕುಸ್ತಿಗೂ ಇದೇ ಅಚ್ಚು. ರಕ್ತ ಅಂದುಬಿಟ್ಟರೆ ಲೆಕ್ಕ ಕೇಳೋ ಹಾಗಿಲ್ಲ. ಯಾರು ದುಡಿದರು, ಯಾರು ಒಗೆದರು, ಯಾರ ನಿದ್ದೆ ಹೋಯ್ತು ಅನ್ನೋದೆಲ್ಲ ಆ ಒಂದು ಪದದ ಕೆಳಗೆ ಮುಚ್ಚಿಹೋಗುತ್ತೆ.

ಆವತ್ತು ರಾತ್ರಿಯೇ ಸಿನಿಮಾವನ್ನ ಎರಡನೇ ಸಲ ಹಾಕಿದೆ. ಈ ಸಲ ಕಣ್ಣು ಮೇಚಿನ್ ಮೇಲಿರಲಿಲ್ಲ, ಶ್ರೀಮತಿ ಹ್ಯಾಮಂಡ್ ಮೇಲಿತ್ತು. ರೇಚೆಲ್ ರಾಬರ್ಟ್ಸ್ ಮಾಡಿದ ಪಾತ್ರ. ಗಂಡ ವೀವರ್‌ನ ಕಾರ್ಖಾನೆಯಲ್ಲಿ ಸತ್ತಿದಾನೆ. ಅವನ ಬೂಟುಗಳನ್ನ ಒಲೆ ಪಕ್ಕದಲ್ಲಿಟ್ಟು, ಹಾಕೋರು ಇಲ್ಲದಿದ್ದರೂ ಪಾಲಿಶ್ ಮಾಡ್ತಾಳೆ. ಎರಡು ಮಕ್ಕಳು, ಬಾಡಿಗೆಗೆ ಒಬ್ಬ ಆಟಗಾರ. ಅವನ ಊಟ, ಅವನ ಗಾಯ, ಅವನ ಸಿಟ್ಟು, ಎಲ್ಲಾ ಅವಳ ಅಡುಗೆಮನೆಗೆ ಬರುತ್ತೆ. ಮೇಚಿನ್ ಕಾರು ತರ್ತಾನೆ, ತುಪ್ಪಳದ ಕೋಟು ಕೊಡಿಸ್ತಾನೆ. ಮೊದಲ ಸಲ ನೋಡಿದಾಗ, ಇಷ್ಟೆಲ್ಲ ಕೊಟ್ಟರೂ ಈ ಹೆಂಗಸು ಯಾಕೆ ನಗಲ್ಲ ಅಂತ ನನಗೇ ಬೇಜಾರಾಗಿತ್ತು. ಈ ಸಲ ಅರ್ಥವಾಯ್ತು. ಅವಳು ಆ ಬೂಟುಗಳ ಲೆಕ್ಕ ಇಟ್ಟಿದಾಳೆ. ಒಬ್ಬ ಗಂಡಸಿನ ಮೈಯನ್ನ ಕಾರ್ಖಾನೆ ತಿಂದಿದ್ದನ್ನ ನೋಡಿದವಳು, ಇನ್ನೊಬ್ಬ ಗಂಡಸಿನ ಮೈಯನ್ನ ಅದೇ ಮಾಲೀಕರು ಕೊಂಡುಕೊಂಡರೆ ಚಪ್ಪಾಳೆ ತಟ್ಟಲಾರಳು. ಕೊನೆಗೆ ಅವಳು ಸಾಯ್ತಾಳೆ, ಅವನು ಮತ್ತೆ ಮೈದಾನಕ್ಕೆ ಇಳೀತಾನೆ. ಆಟ ನಡೆಯುತ್ತೆ.

ಹಾಗಾಗಿ ನನ್ನ ತೀರ್ಮಾನವನ್ನ ತಿದ್ದಿಕೊಳ್ಳಬೇಕಾಯ್ತು. ಸಿನಿಮಾದಲ್ಲಿ ಮನೆತನ ಇಲ್ಲ, ನಿಜ. ಫಾಕ್ಸ್ ಮನೆಯ ಅಣ್ಣತಮ್ಮಂದಿರ ಬಿಸುಪು, ನಗಬಾರದು ಅನ್ನೋ ತಾತನ ಕಟ್ಟಳೆ, ಮಗುವಿನ ಮೊಣಕಾಲಿನ ಗಾಯದ ಜಂಬ, ಇದ್ಯಾವುದೂ ಆಂಡರ್ಸನ್‌ಗೆ ಕಾಣಲಿಲ್ಲ. ಈ ಆಟವನ್ನ ಬರೀ ದುರಂತ ಅಂತ ನೋಡಿದ್ದು ಅವನ ಮಿತಿ. ಅದಿಲ್ಲದೆ ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಜನ ಮಳೆಯಲ್ಲಿ ನಿಂತು ಈ ಆಟ ಯಾಕೆ ನೋಡಿದರು ಅನ್ನೋದು ಸಿನಿಮಾದಿಂದ ತಿಳಿಯಲ್ಲ. ಆದ್ರೆ ಮನೆತನದ ಕತೆ ಹೇಳೋರು ಬಿಟ್ಟುಬಿಡೋ ಅಡುಗೆಮನೆಯನ್ನ ಈ ಸಿನಿಮಾ ಬಿಡಲಿಲ್ಲ. ಆಟದ ಖರ್ಚು ಕೊನೆಗೆ ಯಾವ ಮನೆಯ ಒಲೆ ಮುಂದೆ ಲೆಕ್ಕವಾಗುತ್ತೆ ಅಂತ ತೋರಿಸಿತು. ಅರವತ್ತು ವರ್ಷ ದಾಟಿದ ಮೇಲೂ ನೋಡಬೇಕಾದ ಸಿನಿಮಾ ಅಂತ ನಾನು ಹೇಳೋದು ಅದಕ್ಕೇ. ನೋಡಿ. ಆದ್ರೆ ನೋಡಿದ ಮೇಲೆ ಫಾಕ್ಸ್ ಅಣ್ಣತಮ್ಮಂದಿರ ಬಗ್ಗೆಯೂ ಓದಿ. ಒಂದನ್ನ ಬಿಟ್ಟು ಇನ್ನೊಂದನ್ನ ಮಾತ್ರ ಇಟ್ಟುಕೊಂಡರೆ ಅರ್ಧ ಕತೆ.

ಇಷ್ಟೆಲ್ಲ ಬೇರೆಯವರಿಗೆ ಹೇಳೋ ಮುಂಚೆ ನನ್ನದೂ ಒಂದು ಬಗ್ ಇದೆ, ಹೇಳಿಬಿಡ್ತೀನಿ. ನಮ್ಮೂರು ಮಂಡ್ಯದ ಕಡೆ. ನಮ್ಮಪ್ಪ ಒಂದು ಕಾಲದಲ್ಲಿ ಊರಿನ ಕಬಡ್ಡಿ ತಂಡದಲ್ಲಿದ್ದವರು. ಸುತ್ತಮುತ್ತಲ ಜಾತ್ರೆ, ಗಣೇಶನ ಹಬ್ಬದ ಪಂದ್ಯಗಳಿಗೆಲ್ಲ ಹೋಗೋರು. ಒಂದು ಸಲ ಗೆದ್ದು ತಂದ ಸ್ಟೀಲ್ ಬಿಂದಿಗೆ ಬಹಳ ವರ್ಷ ನಮ್ಮನೆಯಲ್ಲಿತ್ತು. ನಾನು ಕಬಡ್ಡಿ ಆಡಿದೋನಲ್ಲ. ಓದು ಓದು ಅಂತ ಹಾಸ್ಟೆಲಿಗೆ ಕಳಿಸಿದರು, ಬಿಇ ಮಾಡಿದೆ, ಬೆಂಗಳೂರಿಗೆ ಬಂದೆ. ಆದ್ರೆ 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಆಫೀಸಿನ ಟೀವಿ ಮುಂದೆ ನಿಂತು ಎಷ್ಟು ಜನಕ್ಕೆ ಹೇಳಿದೀನೋ, “ನಮ್ಮಪ್ಪ ರೇಡರ್ ಗುರೂ, ನಮ್ಮ ರಕ್ತದಲ್ಲೇ ಇದೆ” ಅಂತ. ಹೇಳುವಾಗ ಎದೆ ಉಬ್ಬೋದು. ಆ ಪಂದ್ಯಗಳ ದಿನ ಅಪ್ಪನ ಕೂಲಿ ಏನಾಗ್ತಿತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಲೀಡ್ಸ್‌ನಿಂದ ಮಾರನೇ ದಿನ ಊರಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು.

“ಅಪ್ಪ, ನೀನು ಕಬಡ್ಡಿಗೆ ಹೋಗ್ತಿದ್ಯಲ್ಲ, ಆವಾಗ ಆವತ್ತಿನ ಕೂಲಿ ಎಷ್ಟಿತ್ತು?”

“ಯಾಕ್ ಮಗ, ಈಗ್ ಅದೆಲ್ಲ?”

“ಸುಮ್ನೆ ಹೇಳು.”

“ಹನ್ನೆರಡ್ ರೂಪಾಯಿ ಕಣ್ ಮಗ. ಕಬ್ಬು ಕಡಿಯೋ ಕಾಲದಲ್ಲಿ ಹದ್ನೈದು.” ಒಂದು ಕ್ಷಣವೂ ನೆನಪಿಸಿಕೊಳ್ಳಲಿಲ್ಲ. ಬಿಂದಿಗೆ ಯಾವ ಊರಲ್ಲಿ ಗೆದ್ದದ್ದು ಅಂತ ಕೇಳಿದಾಗೆಲ್ಲ ಒಂದೊಂದು ಊರಿನ ಹೆಸರು ಹೇಳೋ ಮನುಷ್ಯನಿಗೆ ಕೂಲಿ ಮಾತ್ರ ರೂಪಾಯಿ ಲೆಕ್ಕದಲ್ಲಿ ನೆನಪಿತ್ತು.

“ಮತ್ತೆ ಆಟಕ್ಕೆ ಹೋದ ದಿನ ಮನೆಗೆ?”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನಿಮ್ಮವ್ವ ಆವತ್ತು ಯಾರ್‌ದಾದ್ರೂ ಗದ್ದೆಗೆ ನಾಟಿ ಹಾಕಕ್ಕೆ ಹೋಗೋಳು. ತಡಿ, ಅವಳ್ಗೇ ಕೊಡ್ತೀನಿ” ಅಂದರು.

ಅವ್ವನಿಗೆ ಕೇಳಿದೆ. ಆ ಬಿಂದಿಗೆ ಎಲ್ಲಿದೆ ಅಂತಲೂ ಕೇಳಿದೆ.

“ತಳ ತೂತಾಗಿ ಹಳೇ ಸಾಮಾನಿನೋನಿಗೆ ಹಾಕಿ ಯಾವ ಕಾಲ ಆಯ್ತು” ಅಂತ ನಕ್ಕಳು ಅವ್ವ. “ನಾಟಿ ಕೂಲಿ ಗಂಡಸರ ಕೂಲಿಗಿಂತ ನಾಕ್ ರೂಪಾಯಿ ಕಮ್ಮಿ ಕಣಪ್ಪ ಆವಾಗ. ಅದ್ಕೇ ಅವ್ರು ಒಂದ್ ದಿನ ಆಡುದ್ರೆ ನಾನು ಒಂದೂವರೆ ದಿನ ಹೋಗ್ಬೇಕಾಗೋದು. ಅಲ್ಲಿ ಚಳಿನಾ? ಊಟ ಆಯ್ತಾ?”